ಮಗುವಿಗೆ ನೀರು ಹಾಕುವ ಕೈ

ನಮ್ಮ ಓನರಮ್ಮ ತೀರಿಕೊಂಡ ಮೇಲೆ ಬೀದಿಯವರೆಲ್ಲ ಒಂದೇ ಮಾತನ್ನು ಅರ್ಧಕ್ಕೆ ಬಿಡುತ್ತಿದ್ದಾರೆ. “ಒಳ್ಳೆ ಹೆಂಗಸು ಕಣ್ರೀ, ಆದ್ರೆ…” ಎಂದು ಹೇಳಿ, ನನ್ನ ಮುಖ ನೋಡಿ, ಸೊಪ್ಪಿನ ಗಾಡಿಯ ಕಡೆ ತಿರುಗಿಕೊಳ್ಳುತ್ತಾರೆ. ‘ಆದ್ರೆ’ ಆದಮೇಲೆ ಏನು ಬರಬೇಕೆಂದು ಅವರಿಗೂ ಗೊತ್ತು, ನನಗೂ ಗೊತ್ತು. ಓನರಮ್ಮ ಬದುಕಿದ್ದಿದ್ದರೆ ಆ ಮಾತನ್ನು ತಾವೇ ಪೂರ್ತಿ ಮಾಡುತ್ತಿದ್ದರು. “ಆದ್ರೆ ಕುಡೀತಿದ್ಲು ಅನ್ನಿ. ಬಾಯ್ ನೋಯ್ತದಾ?”

ಕುಡಿದು ಸತ್ತವರಲ್ಲ ಅವರು. ಹಾರ್ಟು. ಬೆಳಗ್ಗೆ ಇಡ್ಲಿ ತಿಂದು, ಇಡ್ಲಿ ಗಟ್ಟಿಯಾಗಿದೆ ಎಂದು ತಮಗೆ ತಾವೇ ಬೈದುಕೊಂಡು, ಕುರ್ಚಿಯಲ್ಲಿ ಒರಗಿದವರು ಏಳಲಿಲ್ಲ. ಇದನ್ನು ನಾನು ಕೇಳದವರಿಗೂ ಹೇಳಿಕೊಂಡು ಬರುತ್ತಿದ್ದೇನೆ.

ತುಮಕೂರಿನ ಶಿರಾ ಗೇಟಿನ ಹತ್ತಿರದ ಆ ಮನೆಯ ಮಹಡಿಗೆ ನಾನು ಬಾಡಿಗೆಗೆ ಬಂದದ್ದು ನೀರಿನ ಚಿಂತೆಯಿಂದ. ಹಿಂದಿನ ಮನೆಯಲ್ಲಿ ನೀರು ಚೆನ್ನಾಗಿಯೇ ಬರುತ್ತಿತ್ತು. ನಿಂತುಹೋದರೆ ಏನು ಗತಿ ಎಂದು ಬಿಟ್ಟೆ. ನಾನು ಅಂಥವಳು. ಗುಬ್ಬಿಯ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತೇನೆ, ಹೋಗುವಾಗ ಬಸ್ಸು ಕೆಡುವ ಬಗ್ಗೆ, ಬರುವಾಗ ಸೀಟು ಸಿಗದಿರುವ ಬಗ್ಗೆ ಯೋಚಿಸುತ್ತೇನೆ. ಮದುವೆಯಾಗಲಿಲ್ಲ. ಚಿಂತೆ ಹಂಚಿಕೊಳ್ಳಲು ಒಬ್ಬರು ಬಂದರೆ, ಅವರು ಸರಿಯಾಗಿ ಚಿಂತೆ ಮಾಡುತ್ತಾರೋ ಇಲ್ಲವೋ ಎಂಬುದು ಮತ್ತೊಂದು ಚಿಂತೆಯಾಗುತ್ತಿತ್ತು.

ಮನೆ ನೋಡಲು ಹೋದ ದಿನ ಓನರಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದರು. ದಪ್ಪ ಕನ್ನಡಕ, ಅಗಲ ಹಣೆ, ಬೆರಳುಗಳಲ್ಲಿ ಸಣ್ಣ ನಡುಕ. ಕಾಳು ಬುಟ್ಟಿಗೂ ಬೀಳುತ್ತಿತ್ತು, ಅಂಗಳಕ್ಕೂ ಬೀಳುತ್ತಿತ್ತು. ತಲೆಯೆತ್ತದೆ ಕರಾರು ಹೇಳಿದರು.

“ಹೇಮಾವತಿ ನೀರು ಬಿಟ್ಟಾಗ ಬರ್ತದೆ, ಮಿಕ್ಕಂಗೆ ಬೋರು. ಗಾಡಿ ಇದ್ರೆ ಇಲ್ಲಿ ನಿಲ್ಸಿ. ಕೋಳಿ ಮಾಡ್ಕಳಿ. ಮೀನ್ ಮಾಡುದ್ರೆ ನಂಗೂ ಒಂದ್ ತುಂಡ್ ಕೊಡಿ. ಆಮೇಲೆ ಇನ್ನೊಂದು. ನಾನ್ ಕುಡಿಯೋಳು. ಈಗ ಬಿಟ್ಟಿದೀನಿ. ನಮ್ಮನೆ ಬಾಗ್ಲು ಹಗಲೊತ್ತೂ ಮುಚ್ಚಿತ್ತು ಅಂದ್ರೆ ಮತ್ತೆ ಶುರುವಾಗದೆ ಅಂತ ತಿಳ್ಕಳಿ. ಆಗ ತಟ್ಬೇಡಿ. ತಟ್ಟುದ್ರೆ ಬಾಯಿಗ್ ಬಂದಂಗ್ ಬಯ್ತೀನಿ, ಆಮೇಲೆ ನಂಗೇ ಬೇಜಾರಾಗ್ತದೆ.”

ಕೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಪ್ರಶ್ನೆಗಳೆಲ್ಲ ಉದುರಿಹೋಗಿ ಒಂದೇ ಉಳಿಯಿತು.

“ಕರೆಂಟ್ ಮೀಟರು?”

“ಸಪರೇಟು,” ಎಂದರು.

ಮರುವಾರವೇ ಸಾಮಾನು ತಂದೆ. ಇಷ್ಟು ಸರಳವಾಗಿ ತಮ್ಮ ಬಗ್ಗೆ ಹೇಳಿಕೊಂಡ ಮನುಷ್ಯರನ್ನು ನಾನು ಅಲ್ಲಿಯವರೆಗೂ ಕಂಡಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಮುಂದೆ ಏನು ಚಿಂತೆ ಮಾಡಬೇಕೆಂದು ಮೊದಲೇ ತಿಳಿಸಿದ ಓನರು ಇವರೊಬ್ಬರೇ.

ಬೆಳಗ್ಗೆ ಬೀದಿ ತಿರುವಿನವರೆಗೆ ಹೋಗಿ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ವಾಪಸು ಬರುವುದು ನನ್ನ ಪದ್ಧತಿ. ಸ್ವಲ್ಪ ದಿನ ನೋಡಿದರು. ಆಮೇಲೆ ನಾನು ತಿರುವಿನಲ್ಲಿ ನಿಧಾನವಾಗುತ್ತಿದ್ದ ಹಾಗೆಯೇ ಗೇಟಿನಿಂದ ಕೂಗತೊಡಗಿದರು. “ಆಫ್ ಆಗದೆ, ಹೋಗು ಮಿಸ್ಸು.”

“ನೀವು ನೋಡಿದ್ರಾ?”

“ನಾನ್ಯಾಕ್ ನೋಡ್ಲಿ? ಬಸ್ ಹೋಯ್ತದೆ ಅನ್ನೋದಂತೂ ಗೊತ್ತು.”

ಅವರು ಕುಣಿಗಲ್ ಕಡೆಯ ಕೊತ್ತಗೆರೆಯ ಹೆಣ್ಣು. ತೆಂಗು, ರಾಗಿ ಎರಡೂ ಇದ್ದ ಮನೆ. ಗುಬ್ಬಿಗೆ ಕೊಟ್ಟಿದ್ದರು. ಗಂಡ ಕುಡಿಯುತ್ತಿದ್ದರು, ಇವರೂ ಕುಡಿಯತೊಡಗಿದರು. ಗಂಡ ಕುಡಿದು ಬಂದರೆ ತಟ್ಟೆ ಹಾಕಿಕೊಂಡು ಕಾಯುವವರಿದ್ದರಂತೆ, ಇವರು ಕುಡಿದದ್ದು ಗೊತ್ತಾದ ದಿನ ನೆಂಟರೆಲ್ಲ ಸೇರಿ ಪಂಚಾಯ್ತಿ ಮಾಡಿದರಂತೆ. “ಪಂಚಾಯ್ತಿಲಿ ಕೂತಿದ್ದೋರ ಪೈಕಿ ಅರ್ಧ ಜನ ಹಾಕ್ಕೊಂಡೇ ಬಂದಿದ್ರು,” ಎಂದು ನಗುತ್ತಿದ್ದರು. ಹೇಗೆ ಶುರುವಾಯಿತು ಎಂದು ಒಮ್ಮೆ ಕೇಳಿದ್ದೆ. “ಬಾಯಿಂದ,” ಎಂದಿದ್ದರು. ಮತ್ತೆ ಕೇಳಲಿಲ್ಲ.

ಒಬ್ಬಳೇ ಮಗಳು. ಆ ಮಗಳು ಕೈಬಿಟ್ಟುಹೋದ ಕಥೆಯನ್ನು ಮಾತ್ರ ತಾವಾಗಿಯೇ ಹೇಳಿದರು, ಅದನ್ನೂ ತಮಾಷೆ ಮಾಡಿಕೊಂಡು. ಮಗಳು ಆಗ ಪ್ರೈಮರಿ ಸ್ಕೂಲು. ವಾರ್ಷಿಕೋತ್ಸವದಲ್ಲಿ ತಾಯಂದಿರಿಗೆ ಮ್ಯೂಸಿಕಲ್ ಚೇರ್ ಇಟ್ಟಿದ್ದರು. ಮಗಳು ಬಲವಂತ ಮಾಡಿ ಎಳೆದುಕೊಂಡು ಹೋದಳು. “ನಾನೇ ಗೆದ್ದೆ ಮಿಸ್ಸು. ಆಟ ಮುಗುದ್ರೂ ಕುರ್ಚಿ ಬಿಟ್ಟು ಏಳಕ್ಕಾಗ್ಲಿಲ್ಲ. ಎಬ್ಬುಸಕ್ಕೆ ಬಂದ ಹೆಡ್ಮಿಸ್ಸಿನ ಸೀರೆ ಮೇಲೆ ವಾಂತಿ ಮಾಡ್ದೆ.” ಇಷ್ಟು ಹೇಳಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದರು. “ಮಗಳು ಪ್ರೈಜ್ ಇಸ್ಕಳಕ್ಕೆ ಬರ್ಲಿಲ್ಲ.”

ಆ ದಿನವೇ ಗಂಡನ ಅಕ್ಕ ಬಂದು ಮಗಳನ್ನು ಕರೆದುಕೊಂಡು ಹೋದರು. ಗುಬ್ಬಿಯಲ್ಲೇ ಇನ್ನೊಂದು ಬೀದಿ. ಅಲ್ಲೇ ಬೆಳೆದಳು, ಓದಿದಳು, ಅಲ್ಲಿಂದಲೇ ಕುಣಿಗಲ್‌ಗೆ ಮದುವೆಯಾಗಿ ಹೋದಳು. ಗಂಡ ಸತ್ತ ಮೇಲೆ ಇವರ ಅಪ್ಪ ತುಮಕೂರಿನಲ್ಲಿ ಈ ಮನೆ ಕಟ್ಟಿಸಿಕೊಟ್ಟರು. ಊರವರು ಆ ಅತ್ತಿಗೆಯನ್ನು ಬೈದರೆ ಇವರು ಬಿಡುತ್ತಿರಲಿಲ್ಲ. “ಮಗೂನ ಕಿತ್ಕಂಡ್ರು ಅಂತಾರೆ ಎಲ್ಲ. ಕಿತ್ಕಳ್ಲಿಲ್ಲ ಮಿಸ್ಸು, ಹಿಡ್ಕಂಡ್ರು. ನಾನ್ ಬಿಟ್ಟಿದ್ನಲ್ಲ.”

ಮಗಳು ಇವರನ್ನು ‘ತುಮಕೂರಮ್ಮ’ ಎನ್ನುತ್ತಿದ್ದಳು, ‘ನೀವು’ ಎನ್ನುತ್ತಿದ್ದಳು. ಹಬ್ಬಕ್ಕೆ ಬಂದರೆ ಸೋಫಾದ ತುದಿಯಲ್ಲಿ ಕೂತು ಅರ್ಧ ಲೋಟ ಕಾಫಿ ಕುಡಿದು ಹೋಗುತ್ತಿದ್ದಳು. ಬಾಗಿಲು ತೆಗೆದ ತಕ್ಷಣ ಅವಳು ಮೂಗಿನಲ್ಲಿ ಒಂದು ಸಣ್ಣ ಉಸಿರು ಎಳೆದುಕೊಳ್ಳುವುದನ್ನು ನಾನೇ ಕಂಡಿದ್ದೇನೆ. ಅಮ್ಮನೂ ಕಂಡಿದ್ದರು. ಅದಕ್ಕೇ ಬಾಗಿಲಲ್ಲೇ ಮಗಳ ಮುಖಕ್ಕೆ ಬಾಯಿ ಅಗಲಿಸಿ ‘ಹಾ’ ಎಂದು ಉಸಿರು ಬಿಡುತ್ತಿದ್ದರು. “ನೋಡ್ಕ. ಈರುಳ್ಳಿ ಒಂದೇಯ.” ಮಗಳು ನಗುತ್ತಿರಲಿಲ್ಲ. ಆದರೆ ಒಳಗೆ ಬರುತ್ತಿದ್ದಳು.

ಭಾನುವಾರ ಮಧ್ಯಾಹ್ನ ಕೆಳಗಿನ ಹಾಲಿನಲ್ಲಿ ಕೆಲವು ಹೆಂಗಸರು ಸೇರುತ್ತಿದ್ದರು. ಎಲ್ಲರೂ ಕುಡಿತ ಬಿಟ್ಟವರು, ಬಿಡುತ್ತಿರುವವರು, ಬಿಡುತ್ತೇನೆ ಎಂದು ಹೇಳಿ ಬಂದವರು. ಓನರಮ್ಮ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿದ್ದು ಬಂದಿದ್ದರು. ಅಲ್ಲಿ ಗಂಡಸರಿಗೆ ಇಂಥ ಸಭೆ ನಡೆಯುತ್ತಿದ್ದುದನ್ನು ನೋಡಿ, ನಮಗ್ಯಾಕಿಲ್ಲ ಎಂದು ಇಲ್ಲಿ ಶುರುಮಾಡಿದ್ದರು. ಬೀದಿಯವರಿಗೆ ಮಾತ್ರ ಅದು ಭಜನೆ. ಅನುಮಾನ ಬಾರದಿರಲಿ ಎಂದು ಕೊನೆಯಲ್ಲಿ ಕಿಟಕಿ ತೆಗೆದು ಒಂದು ದೇವರ ನಾಮ ಗಟ್ಟಿಯಾಗಿ ಹಾಡಲೇಬೇಕಿತ್ತು. “ಅಳೋರು ಈಗ್ಲೇ ಅತ್ಬುಡಿ. ಹಾಡುವಾಗ ಅತ್ರೆ ಶ್ರುತಿ ಕೆಡ್ತದೆ,” ಎಂದು ತಾಳ ಹಿಡಿದು ಕೂರುತ್ತಿದ್ದರು. ಎದುರುಮನೆಯಾಕೆ ತನ್ನನ್ನೂ ಸೇರಿಸಿಕೊಳ್ಳಿ ಎಂದು ಗಂಟು ಬಿದ್ದಿದ್ದರು. “ನಿಮ್ ಗಂಟ್ಲು ಚೆನ್ನಾಗದೆ ಕಣಮ್ಮಾ, ನಮ್ದು ಕೆಟ್ ಗಂಟ್ಲುಗಳ ಸಂಘ,” ಎಂದು ಓನರಮ್ಮ ತಪ್ಪಿಸುತ್ತಿದ್ದರು.

ನಿಂಬೆ ಪಾನಕ ಮಾಡಿಕೊಡುವ ನೆಪದಲ್ಲಿ ನಾನು ಅಡುಗೆಮನೆಯಲ್ಲಿರುತ್ತಿದ್ದೆ. ಸಕ್ಕರೆ ಜಾಸ್ತಿಯಾಯಿತೇನೋ ಎಂದು ಕೊರಗುತ್ತ ಕಿವಿ ಮಾತ್ರ ಹಾಲಿನಲ್ಲಿಟ್ಟಿರುತ್ತಿದ್ದೆ. ಅವರು ಮಾತಾಡುತ್ತಿದ್ದುದು ಕುಡಿತದ ಬಗ್ಗೆ ಕಡಿಮೆ, ಮಕ್ಕಳ ಬಗ್ಗೆಯೇ ಹೆಚ್ಚು. ಕುಡಿತದ ಜೊತೆ ನಿದ್ದೆ ಮಾತ್ರೆಗೂ ಒಗ್ಗಿಹೋಗಿದ್ದ ಒಬ್ಬ ನರ್ಸು, ಮಗಳ ಮೊದಲ ಮುಟ್ಟಿನ ದಿನ ತನಗೆ ಎಚ್ಚರವೇ ಇರಲಿಲ್ಲ ಎಂದಳು. ಬೆಳ್ಳಾವಿಯಿಂದ ಬರುತ್ತಿದ್ದಾಕೆ ಬಾಟಲಿಯನ್ನು ಮಗನ ಸ್ಕೂಲ್ ಬ್ಯಾಗಿನಲ್ಲಿ ಬಚ್ಚಿಟ್ಟಿದ್ದವಳು. ಒಂದು ಭಾನುವಾರ ಅವಳು ಬಿಕ್ಕಿದಳು. “ಬಿಟ್ಟು ಇಷ್ಟ್ ದಿನ ಆಯ್ತು ಅಕ್ಕ. ಇವತ್ತಿಗೂ ನನ್ ಮಗ ನಾನ್ ಕೊಟ್ಟ ನೀರ್ನ ಲೋಟ ಮೂಸಿ ನೋಡಿ ಕುಡೀತಾನೆ.”

ಓನರಮ್ಮನ ದನಿ ಬಂತು. “ಮೂಸ್ಲಿ ಬುಡು. ಮೂಸಿ ಆದ್ಮೇಲೆ ಕುಡೀತಾನಲ್ಲ. ನಿನ್ ಕೈಯಿಂದ ಇಸ್ಕಂತಾನಲ್ಲ.”

ಅವರ ಬಾಗಿಲು ಮುಚ್ಚಿದ್ದೂ ಉಂಟು. ನಾನು ಬಂದ ಮೇಲೆ ಮೊದಲ ಸಲ ಮುಚ್ಚಿದಾಗ ಕರಾರಿನಂತೆ ತಟ್ಟಲಿಲ್ಲ. ಆದರೆ ಮೇಲೆ ಹೋಗಿ ಕೂರಲೂ ಆಗಲಿಲ್ಲ. ಸ್ಕೂಲಿನಿಂದ ಬಂದವಳು ಮೆಟ್ಟಿಲ ಮೇಲೆ ಕೂತು ಉತ್ತರಪತ್ರಿಕೆ ತಿದ್ದುತ್ತ ಆಗಾಗ ಕೆಮ್ಮುತ್ತಿದ್ದೆ. ಗಂಜಿ ಕಾಸಿ ಬಾಗಿಲ ಬುಡದಲ್ಲಿಟ್ಟು ಕೆಮ್ಮಿದೆ. ಕೊನೆಗೆ ಬಾಗಿಲು ತೆರೆದಾಗ ಅವರ ಮುಖ ಊದಿತ್ತು, ಕೂದಲು ಕೆದರಿತ್ತು. ಚೌಕಟ್ಟು ಹಿಡಿದು ನಿಂತು ಹೇಳಿದರು: “ಟಿಬಿ ಗಿಬಿ ಏನಾದ್ರೂ ಆಗದಾ ನಿಂಗೆ? ಡಾಕ್ಟರ್ಗೆ ತೋರ್ಸ್ಕೊ.” ಆಮೇಲೆ ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತು ತಣ್ಣಗಾದ ಗಂಜಿ ಕುಡಿದರು.

ಹೀಗೆ ಬಿಟ್ಟರು, ಬಿದ್ದರು, ಮತ್ತೆ ಎದ್ದರು. ಅದನ್ನು ಮುಚ್ಚಿಡುವುದು ಅವರಿಗೆ ಇಷ್ಟವಾಗುತ್ತಿರಲಿಲ್ಲವಾದ್ದರಿಂದ ನಾನೂ ಮುಚ್ಚಿಡುತ್ತಿಲ್ಲ.

ಮಗಳು ಬಸುರಿಯಾದಳು ಎಂಬ ಸುದ್ದಿ ಬಂದದ್ದು ಫೋನಿನಲ್ಲಿ, ಅತ್ತಿಗೆಯಿಂದ. ನಾನು ತಕ್ಷಣ ಹಿಮೋಗ್ಲೋಬಿನ್ನಿನಿಂದ ಹಿಡಿದು ಕುಣಿಗಲ್ ರಸ್ತೆಯ ಹಂಪುಗಳವರೆಗೆ ಯೋಚಿಸಿಬಿಟ್ಟೆ. ಓನರಮ್ಮನ ತಲೆಯಲ್ಲಿದ್ದದ್ದು ಒಂದೇ. ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕು. ತವರು ಯಾವುದು? ಸಾಕಿದ ಗುಬ್ಬಿಯೋ, ಹೆತ್ತವಳಿರುವ ತುಮಕೂರೋ? ಗುಬ್ಬಿಯಲ್ಲೇ ಎಂಬುದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಇವರು ಮಗಳಿಗೆ ಫೋನ್ ಮಾಡಿ, ನಾನು ಮಾಡುತ್ತೇನೆ ಎಂದರು. ಮಗಳು “ನೋಡಣ” ಎಂದಳಂತೆ. ‘ಇಲ್ಲ’ ಎನ್ನಲಿಲ್ಲ ಎಂಬುದನ್ನೇ ಹಿಡಿದುಕೊಂಡು ಇವರು ಮನೆಗೆ ಸುಣ್ಣ ಹೊಡೆಸಿದರು.

ಒಂದು ದಿನ ಸ್ಕೂಲಿಂದ ಬಂದರೆ ಹಿಂದಿನ ಬಚ್ಚಲಲ್ಲಿ ನೀರಿನ ಸದ್ದು, ಜೊತೆಗೆ ಮಾತು. “ಅಳ್ಬೇಡ ಕಣೋ… ಆಯ್ತು, ಆಯ್ತು… ಕತ್ತು ಎತ್ತು.” ಬಾಗಿಲು ತೆರೆದೇ ಇತ್ತು. ಓನರಮ್ಮ ಮಣೆಯ ಮೇಲೆ ಕಾಲು ಚಾಚಿ ಕೂತಿದ್ದಾರೆ. ಎರಡೂ ಕಾಲುಗಳ ಮೇಲೆ, ಮಗುವನ್ನು ಮಲಗಿಸುವ ಜಾಗದಲ್ಲಿ, ಎಣ್ಣೆ ಹಚ್ಚಿದ ಒಂದು ಬೂದುಗುಂಬಳಕಾಯಿ. ಒಂದು ಕೈ ಅದರಡಿಗೆ ಕೊಟ್ಟು ಇನ್ನೊಂದು ಕೈಯಲ್ಲಿ ಚೊಂಬು ಹಿಡಿದಿದ್ದಾರೆ. ಚೊಂಬು ನಡುಗಿ ನೀರು ಗೋಡೆಗೆ ಬೀಳುತ್ತಿದೆ.

ನಾನು ನಗಲೂ ಇಲ್ಲ, ಹೋಗಲೂ ಇಲ್ಲ.

“ಏನ್ ನೋಡ್ತೀಯ? ಥೇಟ್ ಅವ್ರ ತಾತ. ಎಷ್ಟ್ ಹೇಳುದ್ರೂ ಕತ್ತು ಎತ್ತಲ್ಲ.” ಆಮೇಲೆ ಸಣ್ಣ ದನಿಯಲ್ಲಿ ಹೇಳಿದರು: “ಮೊದಲ್ನೇ ಕಾಯಿ ಜಾರೋಯ್ತು ಮಿಸ್ಸು. ಇದು ಎರಡ್ನೇದು.”

ಕೈಯ ನಡುಕ ಹೋಗುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಅದಕ್ಕೆ ಅವರು ಮಣಿಕಟ್ಟನ್ನು ತೊಡೆಗೆ ಒತ್ತಿ ಹಿಡಿಯುವುದನ್ನು ಕಲಿತರು. ಚೊಂಬು ಬಿಟ್ಟು ಬೊಗಸೆಯಿಂದ ನೀರು ಹಾಕುವುದನ್ನು ಕಲಿತರು. ಆ ಕಾಲದಲ್ಲಿ ನಮ್ಮಿಬ್ಬರ ಮನೆಯಲ್ಲೂ ಕುಂಬಳಕಾಯಿ ಮಜ್ಜಿಗೆಹುಳಿಯೇ. ಸ್ನಾನ ಮಾಡಿಸಿದ್ದನ್ನು ಹೆಚ್ಚಿ ತಿನ್ನುವುದು ಸರಿಯೋ ತಪ್ಪೋ ಎಂದು ನನಗೆ ತುತ್ತು ತುತ್ತಿಗೂ ಅನಿಸುತ್ತಿತ್ತು. ಅವರು ಎರಡನೆಯ ಸಲ ಬಡಿಸಿಕೊಳ್ಳುತ್ತಿದ್ದರು.

ಏಳನೇ ತಿಂಗಳಿನಲ್ಲಿ ಮಗಳು, ಅತ್ತಿಗೆ ಇಬ್ಬರೂ ಬಂದರು. ಮಾತು ತೀರ್ಮಾನವಾಗಲಿ ಎಂದೇ ಬಂದಿದ್ದರು. ಅತ್ತಿಗೆ ಗಟ್ಟಿ ಆಳು. ಎಲ್ಲಿಗೆ ಹೋದರೂ ತಮ್ಮ ನೀರಿನ ಬಾಟಲಿ ತಾವೇ ತರುವವರು. ಎದ್ದು ಮೇಲೆ ಹೋಗಲು ಹೊರಟ ನನ್ನನ್ನು ಓನರಮ್ಮ ಕೈ ಹಿಡಿದು ಕೂರಿಸಿದರು.

“ನೀನ್ ಮಾಡ್ತೀನಿ ಅಂದ್ರೆ ನಾನ್ ಬ್ಯಾಡ ಅನ್ನಲ್ಲ ಕಣಮ್ಮಾ,” ಅತ್ತಿಗೆ ಶುರು ಮಾಡಿದರು. “ಹೆತ್ತೋಳು ನೀನು. ಆದ್ರೆ ಹಸೀ ಮಗು. ಒಂದಿನ ನಿನ್ ಕೈ ಜಾರುದ್ರೆ?”

“ಅದ್ನೇ ನಾನೂ ದಿನಾ ಕೇಳ್ಕತೀನಿ ಅತ್ತಿಗೆ.”

“ಏನ್ ಉತ್ರ?”

“ಉತ್ರ ಇದ್ದಿದ್ರೆ ನಿಮ್ಮುನ್ನ ಯಾಕ್ ಕರೀತಿದ್ದೆ? ನೀವೂ ಬನ್ನಿ. ಇಲ್ಲೇ ಇರಿ. ನಾನ್ ನೀರ್ ಹಾಕ್ತೀನಿ, ನೀವ್ ಪಕ್ದಲ್ಲಿ ಕೂತ್ಕಳಿ.”

ಅತ್ತಿಗೆ ಇದನ್ನು ನಿರೀಕ್ಷಿಸಿರಲಿಲ್ಲ. ಮಗಳು ಅಷ್ಟು ಹೊತ್ತೂ ಸೆರಗಿನ ಅಂಚು ಸುತ್ತುತ್ತ ಕೂತಿದ್ದವಳು ತಲೆಯೆತ್ತಿದಳು.

“ಬರ್ತೀನಿ. ಆದ್ರೆ ಒಂದಿನ, ಒಂದೇ ಒಂದಿನ ನೀವು ಕುಡಿದಿದೀರ ಅಂತ ಗೊತ್ತಾದ್ರೆ ಮಗೂನ ಎತ್ಕೊಂಡು ಗುಬ್ಬಿಗೆ ಹೋಗ್ತೀನಿ. ಆಮೇಲೆ ನೀವು ಮಗು ಮುಟ್ಟಂಗಿಲ್ಲ. ಕೇಳಂಗೂ ಇಲ್ಲ.”

“ಕೇಳಲ್ಲ ಬುಡು,” ಎಂದರು ಓನರಮ್ಮ. ಅವತ್ತು ತಮಾಷೆ ಮಾಡಲಿಲ್ಲ.

ಬೇಸಿಗೆ ರಜೆಯಲ್ಲಿ ಕುಣಿಗಲ್‌ನಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ಆಸ್ಪತ್ರೆಯಿಂದ ನೇರ ಇಲ್ಲಿಗೆ ಬಂದರು. ಹಿಂದೆಯೇ ಅತ್ತಿಗೆಯ ಚೀಲಗಳು: ಬೆಳ್ಳುಳ್ಳಿ, ಕೊಬ್ಬರಿ, ಬಾಣಂತಿ ಖಾರದ ಪುಡಿ, ಸಾಂಬ್ರಾಣಿ, ಹಳೇ ಹತ್ತಿ ಸೀರೆಗಳು. ಮನೆಗೆ ಒಂದು ಹೊಸ ವಾಸನೆ ಬಂತು.

ಬೆಳಗಿನ ಕ್ರಮ ಹೀಗಿತ್ತು. ಮೊದಲು ಬಾಣಂತಿಗೆ ಹಂಡೆ ನೀರಿನ ಸ್ನಾನ. ಸ್ನಾನವಾದ ಮೇಲೆ ಅವಳು ತಲೆಗೆ ಬಟ್ಟೆ ಕಟ್ಟಿ, ಕಂಬಳಿ ಹೊದ್ದು, ಬೆವರುವಂತೆ ನಿದ್ದೆ ಮಾಡಬೇಕು. ಆಮೇಲೆ ಮಗುವಿಗೆ ನೀರು. ಈ ಬಾಣಂತಿ ಮಲಗುತ್ತಿರಲಿಲ್ಲ. ಕಂಬಳಿ ಹೊದ್ದುಕೊಂಡೇ ಬಂದು ಬಚ್ಚಲ ಬಾಗಿಲಲ್ಲಿ ಗೋಡೆಗೊರಗಿ ನಿಲ್ಲುತ್ತಿದ್ದಳು. ಅತ್ತಿಗೆ ಎಷ್ಟು ಗದರಿದರೂ ಕೇಳುತ್ತಿರಲಿಲ್ಲ. ಓನರಮ್ಮನ ಕಾಲ ಮೇಲೆ ಮಗು, ಪಕ್ಕದಲ್ಲಿ ಕೈ ಚಾಚಿಕೊಂಡು ಅತ್ತಿಗೆ, ಬಾಗಿಲಲ್ಲಿ ರೆಪ್ಪೆ ಬಡಿಯದ ಮಗಳು, ಅವಳ ಹಿಂದೆ ಟವೆಲ್ ಹಿಡಿದ ನಾನು. ನೀರು ನೋಡಲು ನಾನು ಬಕೆಟ್ಟಿಗೆ ಕೈ ಹಾಕಿದರೆ ಓನರಮ್ಮ ಬೈಯುತ್ತಿದ್ದರು. “ನೀನ್ ಟವೆಲ್ ಹಿಡ್ಕ ಸಾಕು. ನೀನ್ ಮುಟ್ಟುದ್ರೆ ನಿನ್ ಚಿಂತೆಗೇ ನೀರ್ ಆರೋಯ್ತದೆ.”

ಮಗು ಜಾರಲಿಲ್ಲ. ಆದರೂ ದಿನಾ ಸ್ನಾನ ಮುಗಿದ ಮೇಲೆ ನಾಲ್ಕು ಜನರೂ ಒಟ್ಟಿಗೆ ಉಸಿರು ಬಿಡುತ್ತಿದ್ದೆವು.

ಒಂದು ರಾತ್ರಿ ಜೋರು ಮಳೆ ಬಂದು ಬೆಳಗ್ಗೆ ಥಂಡಿ ಗಾಳಿ ಎದ್ದಿತ್ತು. ಬಾಣಂತಿಯ ಸ್ನಾನ ಆಗಿತ್ತು. ಓನರಮ್ಮ ಮಗುವಿಗೆ ನೀರು ಹದ ಮಾಡಲು ಹಿಂದಕ್ಕೆ ಹೋಗಿದ್ದರು. ನಾನು ಟವೆಲ್ ತೆಗೆದುಕೊಳ್ಳಲು ರೂಮಿಗೆ ಬಂದೆ. ಅತ್ತಿಗೆ ತಮ್ಮ ಚೀಲದ ತಳದಿಂದ ಬಟ್ಟೆ ಸುತ್ತಿದ ಒಂದು ಸಣ್ಣ ಬಾಟಲಿ ತೆಗೆದರು. ಮಗುವಿಗೆ ಹಾಲು ಕುಡಿಸುವ ಬೆಳ್ಳಿಯ ಒಳಲೆಗೆ ಅದರಿಂದ ಸ್ವಲ್ಪ ಬಗ್ಗಿಸಿ, ಬಿಸಿನೀರು ಬೆರೆಸಿ, ಮಗಳ ತುಟಿಯ ಹತ್ತಿರ ಹಿಡಿದರು.

“ಕಣ್ ಮುಚ್ಕೊಂಡು ನುಂಗ್ಬುಡು. ಥಂಡಿ ಹತ್ತಲ್ಲ. ಸೊಂಟ ಗಟ್ಟಿಯಾಗ್ತದೆ.”

ಬ್ರಾಂದಿ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಾಣಂತಿಗೆ ಕೊಡುತ್ತಾರೆ. ಕುಡಿತದ ಹೆಸರೆತ್ತಿದರೆ ಉಗಿಯುವ ಅಜ್ಜಿಯರೇ ಕೊಡುತ್ತಾರೆ. ಅದು ಅವರಿಗೆ ಕುಡಿಯುವ ವಸ್ತುವಲ್ಲ, ಬೆಳ್ಳುಳ್ಳಿ ಲೇಹ್ಯದ ಸಾಲಿನದು. ಕುಡಿದಳೆಂದು ತಾಯಿಯಿಂದ ಮಗಳನ್ನು ಕರೆದೊಯ್ದ ಅದೇ ಅತ್ತಿಗೆ, ಕೊಬ್ಬರಿ ಖಾರದ ಪುಡಿಗಳ ಜೊತೆ ಇದನ್ನೂ ಆ ಮನೆಗೇ ಕಟ್ಟಿ ತಂದಿದ್ದರು. ತಂದಾಗ ಅವರ ಮನಸ್ಸಿಗೆ ಏನೂ ಹೊಳೆದಿರಲಿಲ್ಲ. ನಿಜ ಹೇಳಬೇಕೆಂದರೆ, ಚಿಂತೆಯಲ್ಲಿ ನುರಿತ ನನಗೂ ಒಂದು ಕ್ಷಣ ಹೊಳೆಯಲಿಲ್ಲ.

ಓನರಮ್ಮ ಬಾಗಿಲಲ್ಲಿ ನಿಂತಿದ್ದರು. ನೋಡಿ ಬಂದದ್ದಲ್ಲ. ವಾಸನೆ ಹಿಡಿದು ಬಂದದ್ದು.

ಅವರ ಕಣ್ಣು ಮಗಳ ಮೇಲಿರಲಿಲ್ಲ, ಮಗುವಿನ ಮೇಲಿರಲಿಲ್ಲ. ಒಳಲೆಯ ಮೇಲಿತ್ತು. ಆ ನೋಟವನ್ನು ಮೊದಲು ಕಂಡವಳು ಮಗಳು. ಅವಳ ಕೈ ಪಕ್ಕದ ಮಗುವಿನ ಮೇಲೆ ಹೋಯಿತು.

ಅತ್ತಿಗೆ ತಿರುಗಿ ನೋಡಿದರು. “ಇದು ಔಷ್ದಿ ಕಣಮ್ಮಾ…” ಎಂದವರು ಅಲ್ಲಿಗೇ ನಿಂತರು. ತಾವು ಏನು ಮಾಡಿದ್ದೇವೆ ಎಂಬುದು ಆಗ ಹೊಳೆಯಿತು.

“ನಂಗೂ ಹಿಂಗೇ ಕೊಟ್ರು,” ಎಂದರು ಓನರಮ್ಮ. ಮಗಳಿಗೆ ಹೇಳಿದರು. “ನೀನ್ ಹುಟ್ಟಿದಾಗ. ನಿಮ್ಮಜ್ಜಿ, ನಮ್ಮತ್ತೆ. ಒಳ್ಳೇದಾಗ್ಲಿ ಅಂತಾನೇ ಕೊಟ್ರು ಪಾಪ. ನಂಗೆ ಅಮ್ಮ ಇರ್ಲಿಲ್ಲ, ಮೈಕೈಯೆಲ್ಲ ನೋವು, ಅಳು ಬರ್ತಿತ್ತು ಸುಮ್ಸುಮ್ನೆ. ಅದು ಕುಡ್ದೆ ನೋಡು, ಹೊಟ್ಟೆ ಒಳಗೆ ಯಾರೋ ದೀಪ ಹಚ್ಚಿಟ್ಟಂಗಾಯ್ತು. ಅಂಥ ನಿದ್ದೆ ಆಮೇಲೆ ಬರ್ಲೇ ಇಲ್ಲ. ನೀನ್ ಅತ್ತೂ ಅತ್ತೂ ಕೆಂಪಗಾಗಿದ್ಯಂತೆ. ನಂಗ್ ಕೇಳಿಸ್ಲಿಲ್ಲ. ಬಾಣಂತನ ಮುಗೀತು. ಔಷ್ದಿ ನಾನ್ ಬಿಡ್ಲಿಲ್ಲ.”

ಹಿಂದುಗಡೆ ಹಂಡೆಯ ನೀರು ಕೊತಕೊತ ಎನ್ನುತ್ತಿತ್ತು.

“ಎಲ್ರಿಗೂ ಹಂಗಾಗಲ್ಲ. ನಿಮ್ಮತ್ತೆನೂ ಅವ್ರ ಬಾಣಂತನ್ದಲ್ಲಿ ಕುಡುದ್ರು, ಅವ್ರಿಗೇನೂ ಆಗ್ಲಿಲ್ಲ. ನೀನ್ ಕುಡುದ್ರೆ ಏನಾಗ್ತದೆ ನಂಗ್ ಗೊತ್ತಿಲ್ಲ. ನಂದು ಮಾತ್ರ ಹೇಳ್ತೀನಿ. ಆ ಬಾಟ್ಲು ಈ ಮನೇಲಿದ್ರೆ ನಾನ್ ಸಾಯಂಕಾಲದ ಗಂಟ ತಡಿಯಲ್ಲ. ತಡೀತೀನಿ ಅಂತ ಸುಳ್ ಹೇಳಲ್ಲ. ಈಗ್ಲೇ ನನ್ ಬಾಯಲ್ಲಿ ನೀರ್ ಬಂದದೆ.”

ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು. ಹಬ್ಬಕ್ಕೆ ಬಂದಾಗ ಬಾಗಿಲಲ್ಲಿ ನೋಡುವ ನೋಟವಲ್ಲ ಅದು. ಆಮೇಲೆ ಒಳಲೆಯಿಂದ ಮುಖ ತಿರುಗಿಸಿದಳು.

“ನಂಗ್ ಬೇಡ ಅತ್ತೆ. ಅದನ್ನ ಮನೆಯಿಂದ ಆಚೆ ಕಳ್ಸಿ.”

ಅತ್ತಿಗೆ ಎದ್ದರು. ಅವರ ಕಣ್ಣು ತುಂಬಿತ್ತು. “ನಾನೇ ಎಸೆದು ಬರ್ತೀನಿ. ನಂಗ್ ಬುದ್ಧಿಯಿಲ್ಲ ಕಣಮ್ಮಾ.”

“ನೀವ್ ಕೂತ್ಕಳಿ ಅತ್ತಿಗೆ,” ಎಂದರು ಓನರಮ್ಮ. “ಮಿಸ್ ತಗೊಂಡ್ ಹೋಗ್ಲಿ. ಅವಳ್ ಕೈಲಿದ್ರೆ ಅದು ಬಾಟ್ಲು ಅಂತ ಯಾರೂ ನಂಬಲ್ಲ.”

ಹೀಗೆ, ಜೀವನದಲ್ಲಿ ದ್ರಾಕ್ಷಿರಸವನ್ನೂ ಲೇಬಲ್ ಓದಿ ಕುಡಿಯುವ ನಾನು, ಊಟದ ಡಬ್ಬಿಯ ಚೀಲದಲ್ಲಿ ಬ್ರಾಂದಿ ಬಾಟಲಿ ಇಟ್ಟುಕೊಂಡು ಬೆಳ್ಳಂಬೆಳಗ್ಗೆ ಬೀದಿಗಿಳಿದೆ. ಗೇಟು ದಾಟುತ್ತಿದ್ದ ಹಾಗೆಯೇ ಎದುರುಮನೆಯಾಕೆ.

“ರಜೇಲೂ ಡಬ್ಬಿ ತಗೊಂಡ್ ಎಲ್ಲಿಗ್ರೀ ಮಿಸ್?”

“ಸ್ಪೆಷಲ್ ಕ್ಲಾಸು,” ಎಂದೆ.

“ಭಜನೆಗೆ ಈ ಸಲನಾದ್ರೂ ಸೇರಿಸ್ಕೊಳಕ್ಕೆ ಹೇಳ್ರೀ.”

“ಹೇಳ್ತೀನಿ,” ಎಂದು ಚೀಲವನ್ನು ಎದೆಗವಚಿಕೊಂಡು ನಡೆದೆ. ಹೆಜ್ಜೆ ಹಾಕಿದಾಗಲೆಲ್ಲ ಡಬ್ಬಿಗೆ ಬಾಟಲಿ ತಾಗಿ ಟಣ್ ಎನ್ನುತ್ತಿತ್ತು. ಹಳೇ ವಿದ್ಯಾರ್ಥಿಯೊಬ್ಬ ಬೈಕ್ ನಿಲ್ಲಿಸಿ ಡ್ರಾಪ್ ಕೊಡಲಾ ಎಂದ. ಬೇಡಪ್ಪ, ವಾಕಿಂಗ್ ಎಂದೆ. ಸ್ಪೆಷಲ್ ಕ್ಲಾಸಿಗೆ ಡಬ್ಬಿ ಹಿಡಿದು ವಾಕಿಂಗ್ ಹೊರಟವಳು ಮೂಲೆಯ ಖಾಲಿ ಸೈಟು ಸೇರಿ, ಹೊಂಗೆ ಮರದ ಬುಡಕ್ಕೆ ಬಗ್ಗಿಸಿದೆ. ಮರಕ್ಕೆ ಏನಾದರೂ ಆದರೆ ಎಂದು ಅನಿಸಿ, ಅರ್ಧವನ್ನು ಪಕ್ಕದ ಕಲ್ಲಿನ ಮೇಲೆ ಸುರಿದೆ. ಅಲ್ಲಿ ಮೇಯುತ್ತಿದ್ದ ಒಂದು ಮೇಕೆ ಹತ್ತಿರ ಬಂದು ಮೂಸಿತು. ಅದನ್ನು ಓಡಿಸಿದೆ. ಖಾಲಿ ಬಾಟಲಿಯನ್ನು ಕಸದ ಗಾಡಿ ಬರುವವರೆಗೆ ಕಾದು, ಗಾಡಿಯವನ ಕಣ್ಣು ತಪ್ಪಿಸಿ ಒಳಗೆ ಹಾಕಿದೆ. ಅಷ್ಟರಲ್ಲಿ ನನ್ನ ಮನಸ್ಸು ಮನೆಗೆ ಓಡಿತ್ತು. ಒಳಲೆಯಲ್ಲಿ ಬಗ್ಗಿಸಿದ್ದನ್ನು ಏನು ಮಾಡಿದರು? ಅದನ್ನು ತೆಗೆದುಕೊಳ್ಳಲು ನನಗೆ ನೆನಪೇ ಆಗಿರಲಿಲ್ಲ.

ಸೀರೆ ಎತ್ತಿ ಹಿಡಿದು ಓಡುವ ಹಾಗೆ ನಡೆದು ವಾಪಸು ಬಂದೆ.

ಅತ್ತಿಗೆ ಹೊರಗಿನ ಮೆಟ್ಟಿಲ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದರು. ಹಿಂದಿನ ಬಚ್ಚಲಿಂದ ನೀರಿನ ಸದ್ದು ಬರುತ್ತಿತ್ತು.

“ಒಳಲೇಲಿದ್ದಿದ್ದು?” ಎಂದೆ ಏದುಸಿರಲ್ಲಿ.

“ಒಲೆಗೆ ಹುಯ್ದೆ. ಭಗ್ ಅಂತು.”

“ನೀವ್ಯಾಕೆ ಇಲ್ಲಿ ಕೂತಿದೀರ? ಮಗುಗೆ ನೀರು ಯಾರ್ ಹಾಕ್ತಿದಾರೆ?”

“ನಿಮ್ ಓನರಮ್ಮನೇ.”

“ಒಬ್ರೇನಾ?”

ಅತ್ತಿಗೆ ಬೆಳ್ಳುಳ್ಳಿಯ ಸಿಪ್ಪೆ ಊದಿದರು. “ನೀವ್ ಆಚೆ ಕೂತ್ಕಳಿ ಅತ್ತೆ ಅಂದ್ಲು ಹುಡುಗಿ. ಅವಳೇ ಮಗೂನ ಎತ್ತಿ ಅವರಮ್ಮನ ಕೈಗೆ ಕೊಟ್ಲು.”

ನಾನು ಒಳಗೆ ಹೋದೆ. ಬಚ್ಚಲ ಬಾಗಿಲಲ್ಲಿ ಯಾರೂ ನಿಂತಿರಲಿಲ್ಲ. ಒಳಗೆ ಮಗು ಕಿರುಚಿ ಅಳತೊಡಗಿತು. “ಆಯ್ತು ಕಣವ್ವ, ಆಯ್ತು ಆಯ್ತು,” ಎಂದು ಓನರಮ್ಮ ಬೊಗಸೆ ನೀರು ಹಾಕುತ್ತಿದ್ದರು. ರೂಮಿನಲ್ಲಿ ಮಗಳು ಕಂಬಳಿಯನ್ನು ಕತ್ತಿನವರೆಗೆ ಎಳೆದುಕೊಂಡು, ಬಚ್ಚಲಿಗೆ ಬೆನ್ನು ಹಾಕಿ, ಬಾಯಿ ಸ್ವಲ್ಪ ತೆರೆದು ಮಲಗಿದ್ದಳು. ಹಣೆಯ ಮೇಲೆ ಬೆವರು ಮೂಡಿತ್ತು. ಮಗು ಇನ್ನೂ ಜೋರಾಗಿ ಅತ್ತಿತು. ಅವಳಿಗೆ ಎಚ್ಚರವಾಗಲಿಲ್ಲ.